ಡಿಸ್ನಿಗೆ ಬುತ್ತಿ ಕಟ್ಟಿಕೊಂಡು ಹೋದ ಲೆಕ್ಕ

2022ರಲ್ಲಿ ಮೊದಲ ಸಲ ಅಮೆರಿಕದ ಫ್ಲಾರಿಡಾದಲ್ಲಿ ಆರ್ಲ್ಯಾಂಡೊ ಪಕ್ಕದ ಡಿಸ್ನಿ ವರ್ಲ್ಡ್‌ಗೆ ಹೋಗಿ ಬಂದ ಮೇಲೆ ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಅಡುಗೆಮನೆ ಕಟ್ಟೆಯ ಮೇಲೆ ಹರಡಿಕೊಂಡು ಕೂತೆ. ನಾವಿಬ್ಬರು, ಮಕ್ಕಳಿಬ್ಬರು, ಮೂರು ದಿನ. ಊಟ ತಿಂಡಿಗೆ ಆಗಿದ್ದು 640 ಡಾಲರ್. ಅದರಲ್ಲಿ ಕೂತು ಉಂಡಿದ್ದು ಅಂತ ನೆನಪಿಗೆ ಬಂದ ಊಟ ನಾಲ್ಕೋ ಐದೋ. ಮಿಕ್ಕ ಸಾಲುಗಳೆಲ್ಲ ನಾಲ್ಕು ಡಾಲರ್, ಏಳು ಡಾಲರ್, ಹನ್ನೊಂದು ಡಾಲರ್. ನೀರಿನ ಬಾಟಲಿ, ಪಾಪ್‌ಕಾರ್ನ್, ಕೋಕ್, ಪ್ರೆಟ್ಜೆಲ್, ಮತ್ತೆ ನೀರು. ಹಳದಿ ಪೆನ್ನಲ್ಲಿ ಗೀಚುತ್ತಾ ಕೂಡಿದರೆ ಇವೇ 270 ಡಾಲರ್ ಆದವು. ಊಟಕ್ಕೆ ಕೊಟ್ಟ ದುಡ್ಡಿಗೆ ನನಗೆ ಬೇಜಾರಾಗಲಿಲ್ಲ. ಎರಡು ಊಟದ ನಡುವೆ ಗೊತ್ತಿಲ್ಲದೆ ಸೋರಿಹೋದ ದುಡ್ಡು ಹೊಟ್ಟೆ ಉರಿಸಿತು.

2024ರ ಏಪ್ರಿಲ್ ಮೊದಲ ವಾರ, ಮಕ್ಕಳ ಸ್ಪ್ರಿಂಗ್ ಬ್ರೇಕ್‌ಗೆ ಮತ್ತೆ ಹೊರಟೆವು. ಈ ಸಲ ಹಾಸನದಿಂದ ಬಂದಿದ್ದ ಅತ್ತೆ ಮಾವನವರೂ ಜತೆಗೆ. ಒಟ್ಟು ಆರು ಜನ, ಎಲ್ಲರೂ ಸಸ್ಯಾಹಾರಿಗಳು. ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಮಾವ ಸಹಕಾರ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು. ಕಣ್ಣಿಗೆ ಬಿದ್ದ ಪ್ರತಿಯೊಂದು ಬೆಲೆಯನ್ನೂ ಬಾಯಲ್ಲೇ ಆಗಿನ ಡಾಲರ್ ರೇಟು 83ರಿಂದ ಗುಣಿಸಿಬಿಡುತ್ತಿದ್ದರು. "ನೀರಿಗೆ ಮುನ್ನೂರು ರೂಪಾಯಾ?" ಅಂತ ಅವರು ಕೇಳುವ ಮುಂಚೆಯೇ ನಾನು ಸಿದ್ಧವಾಗಿರಬೇಕಿತ್ತು. ನಾವಿರುವುದು ಅಟ್ಲಾಂಟಾ ಪಕ್ಕದ ಆಲ್ಫರೆಟ್ಟಾದಲ್ಲಿ, ಅಲ್ಲಿಂದ ಕಾರಿನಲ್ಲಿ ಏಳು ಗಂಟೆ ದಾರಿ. ಕಾರಾದ್ದರಿಂದ ರೈಸ್ ಕುಕ್ಕರ್ ಡಿಕ್ಕಿಗೆ ಹೋಯಿತು. ವಿಮಾನದಲ್ಲಿ ಹೋಗುವವರಿಗೂ ಇಲ್ಲಿರುವ ಬಹುಪಾಲು ಆಗುತ್ತದೆ, ಕುಕ್ಕರ್ ಒಂದು ಬಿಟ್ಟರೆ.

ಮೊದಲು ಗೊತ್ತಿರಬೇಕಾದ್ದು: ವಾಲ್ಟ್ ಡಿಸ್ನಿ ವರ್ಲ್ಡ್‌ನ ಪಾರ್ಕುಗಳಿಗೆ (ನಾವು ಹೋದದ್ದು ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಅನಿಮಲ್ ಕಿಂಗ್‌ಡಮ್ ಅನ್ನುವ ಮೂರಕ್ಕೆ) ಹೊರಗಿನ ಊಟ ತಗೊಂಡು ಹೋಗಬಹುದು. ಇದು ಎಷ್ಟೋ ಜನ ನಮ್ಮವರಿಗೆ ಗೊತ್ತೇ ಇಲ್ಲ, ಸಿನಿಮಾ ಥಿಯೇಟರಿನ ಹಾಗೆ ಬಾಗಿಲಲ್ಲೇ ಕಿತ್ತುಕೊಳ್ಳುತ್ತಾರೆ ಅಂದುಕೊಂಡಿರುತ್ತಾರೆ. ಷರತ್ತು ಕೆಲವೇ. ಗಾಜಿನ ಡಬ್ಬಿ ಬಾಟಲಿ ಕೂಡದು. ಮದ್ಯ ಕೂಡದು. ಬಿಡಿ ಐಸ್ ಕೂಡದು, ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದ ಐಸ್ ಪ್ಯಾಕ್ ಆಗುತ್ತದೆ. ಅಲ್ಲಿ ಬಿಸಿ ಮಾಡಬೇಕಾದ ಅಡುಗೆ ಇರಬಾರದು, ಘಾಟು ವಾಸನೆಯದ್ದೂ ಇರಬಾರದು. ಈ ಕೊನೆಯದನ್ನು ನಾನು ಮನೆಯಲ್ಲಿ ಜೋರಾಗಿ ಓದಿ ಹೇಳಿದಾಗ ಎಲ್ಲರೂ ಅತ್ತೆಯ ಇಂಗಿನ ಡಬ್ಬಿಯ ಕಡೆ ನೋಡಿದರು.

ಗಾಜಿನ ವಿಷಯಕ್ಕೆ ನಾವು ಸಿಕ್ಕಿಬಿದ್ದೆವು. ನಾನು ಉಪ್ಪಿನಕಾಯಿಯನ್ನೆಲ್ಲ ಪ್ಲಾಸ್ಟಿಕ್ ಡಬ್ಬಿಗೆ ಬಗ್ಗಿಸಿಟ್ಟಿದ್ದೆ. ಅತ್ತೆ ತಮ್ಮ ಕೈಚೀಲದಲ್ಲಿ ಕರವಸ್ತ್ರ ಸುತ್ತಿ ಮಿಡಿ ಉಪ್ಪಿನಕಾಯಿಯ ಪುಟ್ಟ ಗಾಜಿನ ಬಾಟಲಿ ಇಟ್ಟುಕೊಂಡಿದ್ದರು, ಯಾರಿಗೂ ಹೇಳದೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಲ್ಲಿ ಬಂದವರು ಮೊದಲು ಇಳಿಯುವುದು ಟ್ರಾನ್ಸ್‌ಪೋರ್ಟೇಷನ್ ಸೆಂಟರಿನಲ್ಲಿ. ಬ್ಯಾಗ್ ತಪಾಸಣೆ ಅಲ್ಲೇ, ಆಮೇಲೆ ದೋಣಿ ಅಥವಾ ಮಾನೊರೈಲು. ಹಾಗಾಗಿ ಸಿಕ್ಕಿಬಿದ್ದರೂ ಕಾರಿಗೆ ವಾಪಸ್ ಹೋಗಲು ದಾರಿ ಇರುತ್ತದೆ. ಇವರು, ಅಂದರೆ ನಮ್ಮ ಯಜಮಾನರು, ಹೋಗಲಿಲ್ಲ. ಮಗನ ಬಿಸ್ಕತ್ತಿನ ಜಿಪ್ ಕವರ್ ಖಾಲಿ ಮಾಡಿ, ಸಾಲಿನ ಪಕ್ಕದಲ್ಲೇ ನಿಂತು ಮಿಡಿಗಳನ್ನು ಅದಕ್ಕೆ ಸುರಿದರು. ಬಾಟಲಿ ಕಸದ ಬುಟ್ಟಿಗೆ, ರಸ ಇವರ ಬಿಳಿ ಷೂಗೆ. ಜಿಪ್ ಕವರ್ ನಾಲ್ಕು ಹೆಚ್ಚಿಗೇ ಇಟ್ಟುಕೊಳ್ಳಿ.

ಈಗ ಲೆಕ್ಕದ ಕ್ರಮ. ಇಷ್ಟು ಜನ, ಇಷ್ಟು ಊಟ, ತಲೆಗೆ ಇಷ್ಟು ಡಾಲರ್ ಅಂತ ಗುಣಿಸುವುದನ್ನು ಬಿಡಿ. ದಿನವನ್ನು ಗಡಿಯಾರದ ಮೇಲೆ ಇಟ್ಟುಕೊಂಡು ಯಾರಿಗೆ ಯಾವಾಗ ಹಸಿವಾಗುತ್ತದೆ ಅಂತ ಬರೆಯಿರಿ. ನಮ್ಮ ಮನೆಯದ್ದು ಹೀಗಿತ್ತು: ಬೆಳಿಗ್ಗೆ ಏಳಕ್ಕೆ ರೂಮಿನಲ್ಲಿ ತಿಂಡಿ. ಹತ್ತಕ್ಕೆ ಮಗನಿಗೆ ಏನಾದರೂ ಬಾಯಿಗೆ ಬೇಕು. ಹನ್ನೊಂದಕ್ಕೆ ಮಾವನಿಗೆ ಕಾಫಿ. ಹನ್ನೊಂದೂವರೆಗೆ ಎಲ್ಲರಿಗೂ ಊಟದ ಹಸಿವು, ಯಾಕೆಂದರೆ ಬೆಳಿಗ್ಗೆಯಿಂದ ನಡೆದಿದ್ದಾರೆ. ಮೂರಕ್ಕೆ ಬಿಸಿಲು ಏರಿ ಮಕ್ಕಳ ಮುಖ ಊದುವ ಹೊತ್ತು. ಐಸ್‌ಕ್ರೀಮ್ ಗಾಡಿಗಳು ಕಣ್ಣಿಗೆ ಬೀಳುವುದೂ ಆಗಲೇ. ಐದೂವರೆಗೆ ಗಟ್ಟಿ ಊಟ ಬೇಕು, ಪಟಾಕಿ ನೋಡಿ ರೂಮಿಗೆ ಬರುವಷ್ಟರಲ್ಲಿ ಹತ್ತೂವರೆ.

ಈ ಆರು ಹೊತ್ತಿನಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಎರಡೇ ಅಂತ ತೀರ್ಮಾನಿಸಿದೆ: ಮೂರು ಗಂಟೆಯ ತಂಪು ತಿಂಡಿ, ಐದೂವರೆಯ ಊಟ. ಮಿಕ್ಕಿದ್ದು ಬುತ್ತಿ. ಎಲ್ಲವನ್ನೂ ಕಟ್ಟಿಕೊಂಡು ಹೋದರೆ ಮಕ್ಕಳಿಗೆ ಪ್ರವಾಸ ಅನ್ನಿಸುವುದಿಲ್ಲ, ಎಲ್ಲವನ್ನೂ ಕೊಂಡರೆ ನನಗೆ ನಿದ್ದೆ ಬರುವುದಿಲ್ಲ. ಮಧ್ಯಾಹ್ನದ್ದನ್ನು ಬುತ್ತಿ ಮಾಡಿ ಸಂಜೆಯದ್ದನ್ನು ಕೊಳ್ಳಲು ಇನ್ನೊಂದು ಕಾರಣ, ಹನ್ನೆರಡರಿಂದ ಎರಡರವರೆಗೆ ಕೌಂಟರುಗಳ ಮುಂದೆ ಜಾತ್ರೆ. ಹನ್ನೊಂದಕ್ಕೇ ನೆರಳಿನ ಬೆಂಚು ಹಿಡಿದು ಬುತ್ತಿ ಬಿಚ್ಚಿದರೆ, ಜನ ಊಟದ ಸಾಲಿನಲ್ಲಿರುವಾಗ ನೀವು ಆಟದ ಸಾಲಿನಲ್ಲಿರುತ್ತೀರಿ.

ಬುತ್ತಿಗೆ ಏನು? ಚಪಾತಿ ಪಲ್ಯ ನನಗೆ ಸರಿಹೋಗಲಿಲ್ಲ. ಪಲ್ಯ ನೀರು ಬಿಡುತ್ತದೆ, ಕೈ ತೊಳೆಯಲು ಆರು ಜನರನ್ನು ಹೊರಡಿಸಬೇಕು. ಪಾರ್ಕಿಗೆ ಹೇಳಿ ಮಾಡಿಸಿದ್ದು ಗೊಜ್ಜವಲಕ್ಕಿ. ತಣ್ಣಗಾದಷ್ಟೂ ರುಚಿ, ಸಂಜೆವರೆಗೆ ಕೆಡುವುದಿಲ್ಲ, ಚಮಚದಲ್ಲಿ ತಿನ್ನಬಹುದು. ಗಟ್ಟಿ ಅವಲಕ್ಕಿಯನ್ನು ಮನೆಯಲ್ಲೇ ಮಿಕ್ಸಿಗೆ ಹಾಕಿ ಎರಡು ಸುತ್ತು ತಿರುಗಿಸಿ, ದಪ್ಪ ರವೆಯಷ್ಟಾದರೆ ಸಾಕು, ಹಿಟ್ಟಾಗಬಾರದು. ತಲೆಗೆ ಮುಕ್ಕಾಲು ಲೋಟದ ಹಾಗೆ ಅಳೆದು ದಿನಕ್ಕೊಂದು ಕವರ್. ಒಗ್ಗರಣೆಯನ್ನೂ ಮನೆಯಲ್ಲೇ ಮುಗಿಸಿ: ಕಡಲೆಕಾಯಿ ಬೀಜ, ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವು ಗರಿಗರಿ ಆಗುವವರೆಗೆ ಹುರಿದು ಎಣ್ಣೆ ಸಮೇತ ಒಂದು ಡಬ್ಬಿಗೆ. ಹೋಟೆಲ್ ರೂಮಿನ ಹೊಗೆ ಅಲಾರಂ ಸಾಸಿವೆ ಸಿಡಿಯುವುದನ್ನು ಬೆಂಕಿ ಅಂತಲೇ ತಿಳಿಯುತ್ತದೆ. ಬೆಳಿಗ್ಗೆ ಎದ್ದು ಹುಣಸೆರಸ, ಬೆಲ್ಲ, ಉಪ್ಪು, ಸಾರಿನ ಪುಡಿ ಕದಡಿದ ನೀರನ್ನು ಅವಲಕ್ಕಿ ಬರೀ ನೆನೆಯುವಷ್ಟು ಹಾಕಿ ಮುಚ್ಚಿಟ್ಟು, ನೀವು ಸ್ನಾನ ಮುಗಿಸಿ ಬನ್ನಿ. ಬೆರಳಲ್ಲಿ ಉದುರು ಮಾಡಿ ಒಗ್ಗರಣೆ, ಕೊಬ್ಬರಿ ಕಲಸಿದರೆ ಆಯಿತು. ನೀರು ಒಂದು ಕೈ ಜಾಸ್ತಿಯಾದರೂ ಹನ್ನೊಂದೂವರೆಗೆ ಮುದ್ದೆಯಾಗಿರುತ್ತದೆ. ನಮ್ಮ ಎಪ್ಕಾಟ್ ದಿನದ ಬುತ್ತಿ ಹಾಗೇ ಆಯಿತು, ಕಡುಬಿನಂತೆ ಕತ್ತರಿಸಿ ತಿಂದೆವು.

ಮೊಸರನ್ನಕ್ಕೆ ನಮ್ಮ ಕಡೆ ರೈಲು ಪ್ರಯಾಣದ ಹಳೇ ಉಪಾಯವೇ ಸಾಕು. ಬಿಸಿ ಅನ್ನವನ್ನು ಚೆನ್ನಾಗಿ ಮಸೆದು ಹಾಲು ಹಾಕಿ ಕಲಸಿ, ಆರಿದ ಮೇಲೆ ಒಂದೇ ಒಂದು ಚಮಚ ಮೊಸರು. ಹೊರಡುವಾಗ ಹಾಲನ್ನ, ಉಣ್ಣುವಾಗ ಮೊಸರನ್ನ. ಐಸ್ ಪ್ಯಾಕ್ ಪಕ್ಕ ಇಟ್ಟು ಮಧ್ಯಾಹ್ನವೇ ಖಾಲಿ ಮಾಡಿ, ಫ್ಲಾರಿಡಾ ಬಿಸಿಲಲ್ಲಿ ಸಂಜೆಗೆ ಉಳಿಸಬೇಡಿ. ಹತ್ತು ಗಂಟೆಯ ಬಾಯಾಡುವುದಕ್ಕೆ ಕೋಡುಬಳೆ, ನಿಪ್ಪಟ್ಟು, ಬಾಳೆಹಣ್ಣು. ಚಕ್ಕುಲಿ ಬೇಡ, ಬ್ಯಾಗಿನಲ್ಲಿ ಪುಡಿಯಾಗಿ ಮಳೆಕೋಟಿನ ತುಂಬ ಹರಡಿರುತ್ತದೆ.

ನೀರಿಗೆ ದುಡ್ಡು ಕೊಡಲೇಬೇಡಿ. ಊಟ ಕೊಡುವ ಯಾವ ಕೌಂಟರಿನಲ್ಲಾದರೂ ಕೇಳಿದರೆ ಐಸ್ ಹಾಕಿದ ಒಂದು ಲೋಟ ನೀರು ಪುಕ್ಕಟೆ ಕೊಡುತ್ತಾರೆ, ಏನೂ ಕೊಳ್ಳದಿದ್ದರೂ. ಆರು ಜನಕ್ಕೆ ದಿನಕ್ಕೆ ತಲಾ ಎರಡು ಬಾಟಲಿ, ಬಾಟಲಿಗೆ ಸುಮಾರು ನಾಲ್ಕು ಡಾಲರ್ ಅಂತ ಹಿಡಿದರೆ ಇದೊಂದರಲ್ಲೇ ದಿನಕ್ಕೆ 48 ಡಾಲರ್ ಉಳಿತಾಯ. ನಲ್ಲಿ ನೀರನ್ನು ಬಾಟಲಿಗೆ ತುಂಬಿಸಿಕೊಳ್ಳಬಹುದು, ಆದರೆ ಫ್ಲಾರಿಡಾದ ನಲ್ಲಿ ನೀರಿಗೆ ಒಂದು ಬಾವಿ ಹೂಳಿನ ವಾಸನೆ, ಅತ್ತೆ ಒಂದು ಗುಟುಕು ಕುಡಿದು ಗಿಡಕ್ಕೆ ಹಾಕಿದರು. ಅದಕ್ಕೆ ಅವರೇ ಕಂಡುಕೊಂಡ ಮದ್ದು ಪಾನಕ. ಬೆಲ್ಲದ ಪುಡಿಗೆ ಒಣಶುಂಠಿ, ಏಲಕ್ಕಿ, ಚಿಟಿಕೆ ಉಪ್ಪು ಬೆರೆಸಿದ ಡಬ್ಬಿ ಒಂದು, ಎರಡು ನಿಂಬೆಹಣ್ಣು. ಐಸ್ ನೀರಿನ ಲೋಟಕ್ಕೆ ಒಂದು ಚಮಚ ಪುಡಿ ಹಾಕಿ ಹಿಂಡಿದರೆ, ಕೋಕ್ ಬೇಕು ಅಂತ ಹಟ ಹಿಡಿದಿದ್ದ ಮಗನೂ ಎರಡು ಲೋಟ ಕುಡಿದ. ಕೋಕೇ ಬೇಕು ಅನ್ನುವವರನ್ನು ಎಪ್ಕಾಟ್‌ನ ಕ್ಲಬ್ ಕೂಲ್‌ಗೆ ಕರೆದುಕೊಂಡು ಹೋಗಿ. ಬೇರೆ ಬೇರೆ ದೇಶಗಳಲ್ಲಿ ಕೋಕಾಕೋಲಾ ಕಂಪನಿ ಮಾರುವ ಪಾನೀಯಗಳನ್ನು ಅಲ್ಲಿ ಪುಟ್ಟ ಲೋಟದಲ್ಲಿ ಬಿಟ್ಟಿ ಹಿಡಿದು ಕುಡಿಯಬಹುದು. ಇಟಲಿಯ ಬೆವರ್ಲಿ ಅನ್ನುವುದು ಬೇವಿನಷ್ಟು ಕಹಿ. ಎಲ್ಲರೂ ಮುಖ ಕಿವುಚುವಾಗ ಮಾವ ಮಾತ್ರ ಎರಡನೇ ಲೋಟ ಹಿಡಿದು, "ಮುಂದಿನ ವಾರ ಯುಗಾದಿಗೆ ಬೇವಿನದ್ದು ಆಯ್ತು, ಬೆಲ್ಲ ನೀನು ಕೊಡು" ಅಂದರು.

ಕೊಳ್ಳುವ ಊಟಕ್ಕೆ ಬರೋಣ. ಡಿಸ್ನಿಯ ಫೋನ್ ಆ್ಯಪ್‌ನಲ್ಲಿ ಪ್ರತಿ ಕೌಂಟರಿನ ಪಟ್ಟಿ, ಬೆಲೆ ಎಲ್ಲ ಇರುತ್ತದೆ. ಒಂದು ವಾರ ಮುಂಚೆ ಕೂತು ಮೂರು ದಿನಕ್ಕೆ ಮೂರು ಜಾಗ ಆರಿಸಿ ಬರೆದಿಟ್ಟುಕೊಳ್ಳಿ. ಹಸಿದಾಗ ಆರಿಸಿದರೆ ಹತ್ತಿರದ್ದು ಸಿಗುತ್ತದೆ, ಒಳ್ಳೆಯದು ಸಿಗುವುದಿಲ್ಲ. ಬೇಕಾದ್ದನ್ನು ಆ್ಯಪ್‌ನಲ್ಲೇ ಆರ್ಡರ್ ಮಾಡಿ ದುಡ್ಡು ಕೊಡಬಹುದು, ಸಾಲಿಲ್ಲ. ಕೌಂಟರ್ ಊಟಕ್ಕೆ ಟಿಪ್ ಕೊಡಬೇಕಿಲ್ಲ, ಆದರೆ ಪಟ್ಟಿಯಲ್ಲಿರುವ ಬೆಲೆಯ ಮೇಲೆ ಆರೂವರೆ ಪರ್ಸೆಂಟ್ ತೆರಿಗೆ ಬೀಳುತ್ತದೆ. ಸಸ್ಯಾಹಾರಿಗಳು ಪಟ್ಟಿಯಲ್ಲಿ ಹಸಿರು ಎಲೆಯ ಗುರುತು ಹುಡುಕಿ. ನಮ್ಮ ಊರಿನ ಪೊಟ್ಟಣದ ಮೇಲಿನ ಹಸಿರು ಚುಕ್ಕಿಗಿಂತ ಇದು ಕಟ್ಟುನಿಟ್ಟು, ಮೊಟ್ಟೆಯಷ್ಟೇ ಅಲ್ಲ, ಹಾಲು ಜೇನು ಕೂಡ ಇರುವುದಿಲ್ಲ. ಹಾಗಾಗಿ ಎಲೆ ಇಲ್ಲದ್ದರಲ್ಲೂ ಚೀಸ್ ಪಿಜ್ಜಾದಂಥದ್ದು ನಮಗೆ ಆಗುತ್ತದೆ. ಸೂಪು, ಅನ್ನ, ಬೀನ್ಸ್ ಬಂದರೆ ಮಾತ್ರ ಕೋಳಿ ಸಾರಿನಲ್ಲಿ ಬೇಯಿಸಿದ್ದಾರಾ ಅಂತ ಬಾಯಿ ಬಿಟ್ಟು ಕೇಳಿ.

ನಾವು ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪಿನೋಕಿಯೊ ವಿಲೇಜ್ ಹೌಸ್‌ನ ಫ್ಲಾಟ್‌ಬ್ರೆಡ್, ಎಪ್ಕಾಟ್‌ನಲ್ಲಿ ಕನೆಕ್ಷನ್ಸ್ ಈಟರಿಯ ಪಿಜ್ಜಾ, ಅನಿಮಲ್ ಕಿಂಗ್‌ಡಮ್‌ನಲ್ಲಿ ಪಂಡೋರಾದ ಸಟುಲಿ ಕ್ಯಾಂಟೀನ್ ಅಂತ ಗೊತ್ತು ಮಾಡಿಕೊಂಡೆವು. ಮೂರರಲ್ಲಿ ಸಟುಲಿಗೇ ನನ್ನ ಓಟು. ಅನ್ನ, ಕಾಳು, ಮೇಲೆ ಖಾರ ಹಾಕಿ ಕರಿದ ತೋಫು, ಬೇಕಾದ ಸಾಸು. ಒಂದು ಬೋಗುಣಿ ಒಬ್ಬರಿಗೆ ಹೊಟ್ಟೆ ತುಂಬ. ಮಾವ ಮಿಕ್ಕಿದ್ದ ಚಟ್ನಿಪುಡಿ ಉದುರಿಸಿಕೊಂಡು, ಈಗ ಇದು ಊಟ ಅಂದರು. ಎಪ್ಕಾಟ್‌ನಲ್ಲಿ ಕೆರೆಯ ಸುತ್ತ ಹನ್ನೊಂದು ದೇಶಗಳ ಕಟ್ಟಡಗಳಿವೆ, ಒಂದೊಂದರಲ್ಲೂ ಅವರವರ ಅಡುಗೆ. ಪೂರ್ತಿ ಒಂದು ಸುತ್ತು ಹಾಕಿದ ಮೇಲೆ ಅತ್ತೆ, "ನಮ್ದು ಎಲ್ಲಿ?" ಅಂತ ಕೇಳಿದರು. ಇಲ್ಲ. ಇದು ಬಜೆಟ್ಟಿಗೆ ಸಂಬಂಧಪಟ್ಟ ಮಾತಲ್ಲ, ಆದರೂ ನನಗೂ ಚುಚ್ಚಿತು.

ನಮ್ಮ ದಿನದ ಲೆಕ್ಕ ಹೀಗೆ. ದೊಡ್ಡವರ ನಾಲ್ಕು ಊಟ ತಲಾ 15 ಡಾಲರ್, ಮಕ್ಕಳ ಊಟ ಎರಡು ತಲಾ 9, ಒಟ್ಟು 78. ತೆರಿಗೆ ಸೇರಿ 83. ಡಿಸ್ನಿಯ ಕಣ್ಣಲ್ಲಿ 3ರಿಂದ 9 ವರ್ಷದವರು ಮಾತ್ರ ಮಕ್ಕಳು, ಹತ್ತು ತುಂಬಿದರೆ ದೊಡ್ಡವರ ಲೆಕ್ಕ. ಆದರೆ ಕೌಂಟರಿನಲ್ಲಿ ಮಕ್ಕಳ ಊಟ ಯಾರು ತಗೊಂಡರೂ ವಯಸ್ಸು ಕೇಳುವುದಿಲ್ಲ. ಬಫೆಯಲ್ಲಿ ಮಾತ್ರ ಹತ್ತು ವರ್ಷದ ಹುಡುಗಿಗೂ ಪೂರ್ತಿ ಬೆಲೆ. ಮಿಕ್ಕಿ ಮೌಸ್ ಮೇಜಿನ ಹತ್ತಿರ ಬಂದು ಕೈಕುಲುಕುವ ಬಫೆ ರಾತ್ರಿ ಊಟ ತಲೆಗೆ ಅರವತ್ತು ಡಾಲರ್ ದಾಟುತ್ತದೆ. ಅನ್ನ ಸಾರು ಉಣ್ಣುವ ಅತ್ತೆ ಮಾವನನ್ನು ಅಲ್ಲಿ ಕೂರಿಸಿ ಸಲಾಡ್ ತಿನ್ನಿಸುವುದು ದುಡ್ಡು ಕೊಟ್ಟು ಉಪವಾಸ ಮಾಡಿಸಿದಂತೆ. ನಾವು ಬಿಟ್ಟೆವು.

ತಂಪು ತಿಂಡಿಗೆ ದಿನಕ್ಕೆ 40. ಇಲ್ಲಿ ಒಂದು ಉಪಾಯ ಕೈಹಿಡಿಯಿತು: ಮಕ್ಕಳಿಗೆ ತಲಾ 30 ಡಾಲರಿನ ಡಿಸ್ನಿ ಗಿಫ್ಟ್ ಕಾರ್ಡ್ ಕೊಟ್ಟು, ಮೂರು ದಿನಕ್ಕೆ ಇಷ್ಟೇ, ನಿಮ್ಮಿಷ್ಟ ಅಂದೆ. ಮೊದಲ ದಿನ ಮಗ ಹನ್ನೊಂದಕ್ಕೇ ಮಿಕ್ಕಿ ಕಿವಿಯ ಐಸ್‌ಕ್ರೀಮ್ ಕೊಂಡು ಮೂರು ಗಂಟೆಗೆ ಅತ್ತ. ಎರಡನೇ ದಿನದಿಂದ ಗಾಡಿ ಕಂಡರೆ ಮೊದಲು ಬೆಲೆಯ ಫಲಕ ಓದತೊಡಗಿದ. ದೊಡ್ಡವರಿಗೆ ನನ್ನ ಶಿಫಾರಸು ಮ್ಯಾಜಿಕ್ ಕಿಂಗ್‌ಡಮ್‌ನ ಅಲೋಹಾ ಐಲ್‌ನಲ್ಲಿ ಸಿಗುವ ಅನಾನಸಿನ ಡೋಲ್ ವಿಪ್. ಹಾಲಿಲ್ಲದ್ದು, ಒಂದು ಕಪ್ ಇಬ್ಬರಿಗೆ ಸಾಕು.

ಇದರ ಮೇಲೆ ಕೈಮೀರಿದ್ದಕ್ಕೆ ಅಂತ 15. ಒಟ್ಟು ದಿನಕ್ಕೆ 138, ನಾನು 140 ಅಂತ ಬರೆದುಕೊಂಡೆ. ಮೂರು ಪಾರ್ಕ್ ದಿನಕ್ಕೆ 420.

"ಡೈನಿಂಗ್ ಪ್ಲಾನ್ ತಗೊಳ್ಳಿ, ತಲೆನೋವಿಲ್ಲ" ಅಂತ ಗೆಳತಿಯೊಬ್ಬಳು ಹೇಳಿದ್ದಳು. ಊಟಕ್ಕೆ ಮುಂಚೆಯೇ ದುಡ್ಡು ಕಟ್ಟಿಡುವ ಈ ಯೋಜನೆ ಡಿಸ್ನಿಯದೇ ಹೋಟೆಲಿನಲ್ಲಿ ಉಳಿಯುವವರಿಗೆ ಮಾತ್ರ. 2020ರಲ್ಲಿ ನಿಂತುಹೋಗಿದ್ದು 2024ರ ಜನವರಿ 9ರಿಂದ ಮತ್ತೆ ಶುರುವಾಗಿತ್ತು. ಅಗ್ಗದ ಬಗೆಯಲ್ಲಿ ರಾತ್ರಿಯೊಂದಕ್ಕೆ ಎರಡು ಕೌಂಟರ್ ಊಟ, ಒಂದು ತಿನಿಸು, ಜತೆಗೆ ಹೋಟೆಲಿನಲ್ಲಿ ತುಂಬಿಸಿಕೊಳ್ಳುವ ಒಂದು ಮಗ್. ಆ ವರ್ಷದ ಬೆಲೆ ದೊಡ್ಡವರಿಗೆ 57.01 ಡಾಲರ್, ಮಕ್ಕಳಿಗೆ 23.83. ರೂಮಿನಲ್ಲಿರುವ ಎಲ್ಲರೂ ತಗೊಳ್ಳಲೇಬೇಕು. ಮಗಳು ದೊಡ್ಡವಳ ಲೆಕ್ಕಕ್ಕೆ ಬಂದು ನಮ್ಮ ಆರು ಜನಕ್ಕೆ ರಾತ್ರಿಗೆ ಸುಮಾರು 309 ಆಗುತ್ತಿತ್ತು. ಊಟದ ಜತೆ 21 ದಾಟಿದವರು ಬಿಯರು ವೈನೂ ತಗೊಳ್ಳಬಹುದು ಅಂತ ಓದಿದಾಗ ಮಾವ ಕನ್ನಡಕ ತೆಗೆದು, "ಕುಡಿಯೋರಿಗೆ ಲಾಭದ ಬಾಬ್ತು ಇದು" ಅಂದರು. ಸರಿಯಾದ ಮಾತೇ. ದುಬಾರಿ ಮಾಂಸದ ಊಟವನ್ನೇ ಆರಿಸಿ, ಜತೆಗೆ ಒಂದು ಗ್ಲಾಸ್ ಹಾಕುವವರಿಗೆ ಆ ಲೆಕ್ಕ ಕೂಡುತ್ತದೆ.

ನಾವು ಉಳಿದದ್ದು ಡಿಸ್ನಿ ಪಕ್ಕದ ಊರು ಕಿಸಿಮಿಯಲ್ಲಿ, ಅಡುಗೆಮನೆ ಇರುವ ಎರಡು ಕೋಣೆಯ ಸ್ಯೂಟ್‌ನಲ್ಲಿ. ಅಕ್ಕಿ, ಬೇಳೆ, ಪುಡಿಗಳು ಮನೆಯಿಂದ. ಹಾಲು, ಮೊಸರು, ಹಣ್ಣು, ತರಕಾರಿ ಅಲ್ಲೇ, 85 ಡಾಲರ್. ರಾತ್ರಿ ಹತ್ತೂವರೆಗೆ ಬಂದವರಿಗೆ ಬೆಳಿಗ್ಗೆ ಮಾಡಿಟ್ಟ ತಿಳಿಸಾರು ಬಿಸಿ ಮಾಡಿ ಲೋಟದಲ್ಲಿ ಕೊಟ್ಟರೆ ಸಾಕು, ಯಾರೂ ಅನ್ನ ಕೇಳಲಿಲ್ಲ.

ಬುಧವಾರ ಪಾರ್ಕಿಗೆ ರಜ. ಒಂದೇ ಒಂದು ಸಲ ಮೇಜಿನ ಮುಂದೆ ಕೂತು ಬಡಿಸಿಸಿಕೊಂಡು ಉಣ್ಣುವ ಊಟವನ್ನು ಆ ದಿನಕ್ಕೆ ಇಟ್ಟುಕೊಂಡಿದ್ದೆ. ಡಿಸ್ನಿ ಹೋಟೆಲುಗಳೊಳಗಿನ ರೆಸ್ಟೋರೆಂಟಿಗೆ ಹೋಗಲು ಪಾರ್ಕಿನ ಟಿಕೆಟ್ ಬೇಕಿಲ್ಲ, ಪಾರ್ಕಿನ ಒಂದು ದಿನವನ್ನು ಊಟದ ಮೇಜಿನಲ್ಲಿ ಕಳೆದಂತೆಯೂ ಆಗುವುದಿಲ್ಲ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿದಾನಿ ವಿಲೇಜ್‌ನಲ್ಲಿ ಸನಾ ಅಂತ ಇದೆ, ಆಫ್ರಿಕಾ ಮತ್ತು ನಮ್ಮ ದೇಶದ ರುಚಿ ಬೆರೆಸಿದ ಅಡುಗೆ. ಅಲ್ಲಿನ ಬ್ರೆಡ್ ಸರ್ವಿಸ್ ಹೆಸರುವಾಸಿ: ನಾನ್, ಕುಲ್ಚಾ, ಪನೀರ್ ಪರಾಟ ಅಂತ ಐದು ಬಗೆ, ನೆಂಚಿಕೊಳ್ಳಲು ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ ಎಲ್ಲ ಸೇರಿ ಒಂಬತ್ತು. ಒಂದು ಸೆಟ್ಟಿಗೆ ಇಪ್ಪತ್ತು ಚಿಲ್ಲರೆ ಡಾಲರ್. ಕಿಟಕಿಯಾಚೆ ಜೀಬ್ರಾ, ಜಿರಾಫೆ ಮೇಯುತ್ತಿರುತ್ತವೆ. ಅದಕ್ಕೆ ಬೇರೆ ದುಡ್ಡಿಲ್ಲ. ಜಾಗ 60 ದಿನ ಮುಂಚೆಯೇ ಕಾದಿರಿಸಬಹುದು, ಹೇಳದೆ ತಪ್ಪಿಸಿದರೆ ತಲೆಗೆ ಹತ್ತು ಡಾಲರ್ ಮುರಿದುಕೊಳ್ಳುತ್ತಾರೆ. ಎರಡು ಸೆಟ್ಟು, ದೊಡ್ಡವರ ಎರಡು ಊಟ, ಮಕ್ಕಳದ್ದು ಎರಡು ಹೇಳಿದೆವು, 118 ಆಯಿತು. ಆರು ಜನ ಅಥವಾ ಹೆಚ್ಚು ಇದ್ದರೆ 18 ಪರ್ಸೆಂಟ್ ಟಿಪ್ ಬಿಲ್ಲಿನಲ್ಲೇ ಸೇರಿರುತ್ತದೆ. ಇದನ್ನು ನೋಡದೆ ಮೇಲೆ ಇನ್ನೊಮ್ಮೆ ಟಿಪ್ ಬರೆಯಲು ಇವರು ಪೆನ್ನು ತೆಗೆದಿದ್ದರು, ಮಾವ ಬಿಲ್ಲಿನ ಮೇಲೆ ಬೆರಳಿಟ್ಟರು. ತೆರಿಗೆ, ಟಿಪ್ ಎಲ್ಲ ಕೂಡಿ 147.

ಹೋಗುವ ದಾರಿಗೆ ಮನೆಯ ಪುಳಿಯೋಗರೆ. ವಾಪಸ್ ದಾರಿಗೆ 50 ಇಟ್ಟಿದ್ದೆ. ಶುಕ್ರವಾರ ಏಕಾದಶಿ, ಅತ್ತೆ ಮಾವ ಬಾಳೆಹಣ್ಣು, ಹಾಲಿನಲ್ಲೇ ಇದ್ದರೂ ಮಕ್ಕಳು ಅಷ್ಟನ್ನೂ ಮುಗಿಸಿದರು. ಎಲ್ಲ ಕೂಡಿ ನಾನು ಹಾಕಿಕೊಂಡಿದ್ದ ಅಂದಾಜು 705 ಡಾಲರ್. ಆಗಿದ್ದು 735. ಹೋದ ಸಲಕ್ಕಿಂತ ಇಬ್ಬರು ಹೆಚ್ಚು, ಎರಡು ದಿನ ಹೆಚ್ಚು. ಬೆಲೆಗಳೆಲ್ಲ ಆ ವಸಂತದ್ದು. ನೀವು ಹೋಗುವಾಗ ಆ್ಯಪ್ ತೆರೆದು ಹೊಸ ಅಂಕಿ ಹಾಕಿಕೊಳ್ಳಿ.

ಹೆಚ್ಚಿಗೆ ಹೋದ ಮೂವತ್ತು ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ಹದಿನೈದು ಎಪ್ಕಾಟ್‌ನ ಹೂವಿನ ಹಬ್ಬದ ಮಳಿಗೆಗಳಲ್ಲಿ, ಅಂಗೈ ಅಗಲದ ಎರಡು ತಟ್ಟೆಗೆ. ಆ ಮಳಿಗೆಗಳ ಸಾಲಿಗೆ ಹೊಟ್ಟೆ ತುಂಬಿಸಿಕೊಂಡೇ ಹೋಗಬೇಕು. ಉಳಿದದ್ದು ಗುರುವಾರದ ಕಾಫಿಗೆ. ದಿನಾ ಬೆಳಿಗ್ಗೆ ಡಿಕಾಕ್ಷನ್ ಇಳಿಸಿ, ಹಾಲು ಸಕ್ಕರೆ ಬೆರೆಸಿ ಒಂದು ಲೀಟರಿನ ಸ್ಟೀಲ್ ಫ್ಲಾಸ್ಕಿಗೆ ತುಂಬುತ್ತಿದ್ದೆ. ಗುರುವಾರ ತುಂಬಿದ ಫ್ಲಾಸ್ಕು ರೂಮಿನ ಫ್ರಿಜ್ಜಿನ ಮೇಲೇ ಉಳಿದುಹೋಯಿತು. ಹನ್ನೊಂದಕ್ಕೆ ಮಾವ ಏನೂ ಹೇಳದೆ ವಾಚು ನೋಡಿದರು. ನಾಲ್ಕು ಕಾಗದದ ಲೋಟ, ಕರೀ ನೀರಿನಂಥದ್ದು, ಯಾರೂ ಅರ್ಧಕ್ಕಿಂತ ಹೆಚ್ಚು ಕುಡಿಯಲಿಲ್ಲ. ಫ್ಲಾಸ್ಕನ್ನು ತುಂಬಿದ ಕೂಡಲೇ ಕಾರಿನ ಕೀಲಿಯ ಪಕ್ಕದಲ್ಲಿಡಿ, ಕೀಲಿ ಬಿಟ್ಟು ಯಾರೂ ಹೊರಡುವುದಿಲ್ಲ.